ಗುಂಡಿ ಒತ್ತದ ಹೊತ್ತು

ಆಪರೇಷನ್ ಆದ ಮೂರನೇ ದಿನ ಬೆಳಗಿನ ಜಾವ ಐಸಿಯುನಲ್ಲಿ ಮಾನಿಟರ್ ಒಂದೇ ಸಮನೆ ಕೂಗತೊಡಗಿತು. ನನ್ನದೇ ಇರಬೇಕೆಂದು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಕೂಗಿದ್ದು ಪಕ್ಕದ ಹಾಸಿಗೆಯವರದು. ಅವರಿಗೂ ನನ್ನ ಹಾಗೇ ಬೈಪಾಸ್ ಆಗಿತ್ತು. ಸಿಸ್ಟರುಗಳು ಓಡಿ ಬಂದರು, ಯಾರೋ "ಎಎಫ್‌ಗೆ ಹೋಗಿದಾರೆ" ಅಂದರು, ಅಂದರೆ ಹೃದಯದ ಲಯ ತಪ್ಪಿದೆ ಎಂದು. ಡ್ರಿಪ್ಪಿಗೆ ಔಷಧಿ ಸೇರಿತು. ಮಧ್ಯಾಹ್ನದ ಹೊತ್ತಿಗೆ ಆ ಮಾನಿಟರ್ ಸುಮ್ಮನಾಯಿತು. ರೌಂಡ್ಸಿಗೆ ಬಂದ ಡಾಕ್ಟರನ್ನು ಕೇಳಿದೆ. "ಹೃದಯದ ಆಪರೇಷನ್ ಆದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತಮ್ಮ. ಎರಡನೇ ದಿನ, ಮೂರನೇ ದಿನವೇ ಜಾಸ್ತಿ. ನಿಮಗೆ ಆಗಿಲ್ಲ, ಒಳ್ಳೇದು" ಅಂದರು.

ಆ "ಒಳ್ಳೇದು" ಅನ್ನುವ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಬಂದೆ. ಡಿಸ್ಚಾರ್ಜ್ ಆದ ದಿನದವರೆಗೂ ನನ್ನ ಮಾನಿಟರಿನ ಗೆರೆಯಲ್ಲಿ ಒಂದು ತಪ್ಪೂ ಕಂಡಿರಲಿಲ್ಲ.

ನಾನು ಶಿರಸಿ ತಾಲೂಕಿನ ಹಳ್ಳಿಯವಳು. ವಯಸ್ಸು 64. ಹೈಸ್ಕೂಲಿನಲ್ಲಿ 28 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯ ನೆಂಟರು. ತೋಟದಿಂದ ಮನೆಗೆ ಹತ್ತುವ ದರೆಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವ ಹಾಗಾದಾಗ ಆಂಜಿಯೋಗ್ರಾಂ ಆಯಿತು. ಮೂರೂ ಕೊಳವೆಗಳಲ್ಲಿ ತಡೆ. 2025ರ ಜೂನ್ ಕೊನೆಯ ವಾರ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎದೆ ತೆರೆದರು. ಎದೆಗೂಡಿನ ಒಳಗಿನಿಂದ ಒಂದು ನಾಳ, ಎಡಗಾಲಿನಿಂದ ಇನ್ನಷ್ಟು. ಇದನ್ನೆಲ್ಲ ಈಗಾಗಲೇ ಬಹಳ ಜನ ಬರೆದಿದ್ದಾರೆ. ಎದೆಮೂಳೆಗೆ ಹಾಕಿದ ಸ್ಟೀಲಿನ ತಂತಿ, ಕೆಮ್ಮು ಬಂದಾಗ ಅಪ್ಪಿ ಹಿಡಿಯುವ ದಿಂಬು, ಒಂದು ಕೊಡ ನೀರನ್ನೂ ಎತ್ತಬಾರದ ಎರಡು ತಿಂಗಳು, ಎಲ್ಲ ನನಗೂ ಬಂತು, ಹೋಯಿತು. ನಾನು ಹೇಳಬೇಕೆಂದಿರುವುದು ಮನೆಗೆ ಬಂದ ಮೇಲಿನದು.

ಹೃದಯದ ಚಿತ್ರವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ಎಡಕ್ಕೆ ಕೆಂಪು ಸೀಮೆಸುಣ್ಣ, ಬಲಕ್ಕೆ ನೀಲಿ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಮೊದಲು ಮೇಲಿನವು ಕುಗ್ಗುತ್ತವೆ, ಆಮೇಲೆ ಕೆಳಗಿನವು. ಮೇಲಿನವು ಕುಗ್ಗದೇ ಬರೀ ನಡುಗುತ್ತ ಕೂತರೆ ಏನಾಗುತ್ತದೆ ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಡಾಕ್ಟರುಗಳ ಬಾಯಲ್ಲಿ ಎಎಫ್ ಆಗಿರುವುದು, ಅದೇ. ಬಡಿತಕ್ಕೆ ಹೊರಡಬೇಕಾದ ಒಂದೇ ಒಂದು ಆಜ್ಞೆಯ ಬದಲು ಹೃತ್ಕರ್ಣದ ಮೂಲೆಮೂಲೆಗಳಿಂದ ನಿಮಿಷಕ್ಕೆ 350ಕ್ಕೂ ಹೆಚ್ಚು ಕಿಡಿಗಳು ಏಳುತ್ತವೆ. ಮಧ್ಯದ ಗಂಟು ಅವುಗಳಲ್ಲಿ ಕೆಲವನ್ನು ಮಾತ್ರ ಕೆಳಗೆ ಬಿಡುತ್ತದೆ, ಅದೂ ಲೆಕ್ಕವಿಲ್ಲದ ಅಂತರದಲ್ಲಿ. ಹೃತ್ಕರ್ಣ ಸರಿಯಾಗಿ ಕುಗ್ಗದ್ದರಿಂದ ಎಡಬದಿಯಲ್ಲಿ ಕಿವಿಯ ಹಾಗೆ ಜೋತಿರುವ ಒಂದು ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪಾಗಬಹುದು. ಆ ಹೆಪ್ಪು ಕಿತ್ತು ಹೊರಟರೆ ಮಿದುಳಿಗೆ ದಾರಿ ನೇರ. ಎಎಫ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಅನ್ನುತ್ತಾರೆ. ಆಪರೇಷನ್ನಿನಲ್ಲಿ ಕೈಯಾಡಿಸಿದ ಹೃದಯ ಉರಿಯೂತದಲ್ಲಿರುತ್ತದೆ, ಸುತ್ತಲಿನ ಪೊರೆಯೂ ಹಾಗೇ, ಪೊಟ್ಯಾಸಿಯಂ ಮೆಗ್ನೀಸಿಯಂ ಏರುಪೇರಾಗಿರುತ್ತದೆ. ಅದಕ್ಕೇ ಈ ಕಾಟ ಆ ದಿನಗಳಲ್ಲಿ ಜಾಸ್ತಿ.

ಹೃದಯದ ಗೆರೆ ತೆಗೆಯುವ ಸ್ಮಾರ್ಟ್‌ವಾಚು ತಂದವನು ಮಗ. ಬೆಂಗಳೂರಿನಿಂದ ಬಂದವನೇ ನನ್ನ ಎಡಗೈಯ ಬಳೆಗಳನ್ನು ಮೊಣಕೈ ಕಡೆ ಸರಿಸಿ ಕಟ್ಟಿದ. ನನಗೆ ಬೇಕಿರಲಿಲ್ಲ. ಆಸ್ಪತ್ರೆಯಲ್ಲಿ ಏಳು ದಿನ ವೈರುಗಳ ನಡುವೆ ಮಲಗಿ ಬಂದವಳಿಗೆ ಮನೆಯಲ್ಲೂ ಒಂದು ಯಂತ್ರ ಯಾಕೆ ಅನ್ನಿಸಿತ್ತು. ಅವನು ಬಿಡಲಿಲ್ಲ. "ಆಯಿ, ಕೈ ಮೇಜಿನ ಮೇಲೆ ಇಟ್ಕ. ಅಲುಗಾಡಡ. ಈ ಗುಂಡಿ ಮೇಲೆ ಬಲಗೈ ಬೆರಳು ಇಡು, ಒತ್ತಡ, ಸುಮ್ಮಂಗೆ ಮುಟ್ಟು." ಮೂವತ್ತು ಸೆಕೆಂಡು. ಪುಟ್ಟ ಪರದೆಯ ಮೇಲೆ ನನ್ನ ಹೃದಯದ ಗೆರೆ ಓಡಿತು.

ಅದನ್ನು ಕಂಡಾಗ ನನ್ನೊಳಗಿನ ಮೇಷ್ಟರಿಗೆ ಎಚ್ಚರವಾಯಿತು ಅಂತಲೇ ಹೇಳಬೇಕು. ಡಚ್ ವಿಜ್ಞಾನಿ ಐಂಥೋವನ್ ಇಸಿಜಿ ತೆಗೆಯುವಾಗ ರೋಗಿಯ ಎರಡೂ ಕೈಗಳನ್ನು, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಡಿಸುತ್ತಿದ್ದ. ಅವನಿಗೆ 1924ರಲ್ಲಿ ನೊಬೆಲ್ ಬಂತು. ಎಡಗೈಗೂ ಬಲಗೈಗೂ ನಡುವಿನ ವಿದ್ಯುತ್ತನ್ನು ಅಳೆಯುವ ಅವನ ಒಂದನೇ ಲೀಡ್ ಏನಿದೆಯೋ, ವಾಚು ಮಾಡುವುದೂ ಅದನ್ನೇ. ಹಿಂಬದಿಯ ಲೋಹ ಎಡ ಮಣಿಕಟ್ಟಿಗೆ ತಾಗಿರುತ್ತದೆ, ಬಲಗೈ ಬೆರಳು ಗುಂಡಿಗೆ ತಾಗಿದಾಗ ಎದೆಯ ಮೂಲಕ ಸುತ್ತು ಪೂರ್ಣವಾಗುತ್ತದೆ.

ಆದರೆ ಈ ಗೆರೆ ನಾನಾಗಿ ಕೂತು ತೆಗೆದಾಗ ಮಾತ್ರ. ಉಳಿದ ಹೊತ್ತು ವಾಚು ನೋಡುವುದು ಬೇರೆ ರೀತಿಯಲ್ಲಿ. ಅದರ ಹೊಟ್ಟೆಯಲ್ಲಿ ಹಸಿರು ದೀಪ ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಒಂದೊಂದು ಬಡಿತಕ್ಕೂ ಮಣಿಕಟ್ಟಿಗೆ ರಕ್ತ ನುಗ್ಗಿದಾಗ ವಾಪಸು ಬರುವ ಹಸಿರು ಕಡಿಮೆಯಾಗುತ್ತದೆ, ಇಳಿದಾಗ ಹೆಚ್ಚುತ್ತದೆ. ಆ ಏರಿಳಿತಗಳ ನಡುವಿನ ಅಂತರ ಸಮವಿದೆಯೇ ಎಂದು ವಾಚು ಲೆಕ್ಕ ಹಾಕುತ್ತದೆ. ಕೈ ಅಲ್ಲಾಡುತ್ತಿದ್ದರೆ ಈ ಲೆಕ್ಕ ಕೆಡುತ್ತದೆ. ದೋಸೆಹಿಟ್ಟು ಕಲಸುವಾಗ ಒಮ್ಮೆ ನೋಡಿದರೆ 141 ಅಂತ ತೋರಿಸುತ್ತಿತ್ತು. ನಿಲ್ಲಿಸಿ ಐದು ನಿಮಿಷ ಕೂತೆ, 82ಕ್ಕೆ ಬಂತು. ಹಾಗಾಗಿ ಲಯದ ಪರೀಕ್ಷೆಯನ್ನು ಅದು ಕೈ ಸುಮ್ಮನಿದ್ದಾಗಲೇ ಮಾಡುತ್ತದೆ. ಒಂದು ಸಲ ಹೆಚ್ಚುಕಡಿಮೆ ಕಂಡ ಮಾತ್ರಕ್ಕೆ ಕೂಗುವುದೂ ಇಲ್ಲ, ಮತ್ತೆ ಮತ್ತೆ ನೋಡಿ ಹಾಗೇ ಕಂಡರೆ ಮಾತ್ರ ಹೇಳುತ್ತದೆ. ಇಡೀ ದಿನದ ಕಾವಲು ಅಂತ ಅದನ್ನು ತಿಳಿಯಬಾರದು. ಹೃದಯಾಘಾತವನ್ನು ಹಿಡಿಯುವ ಶಕ್ತಿಯೂ ಅದಕ್ಕಿಲ್ಲ. ಎದೆನೋವು ಬಂದಾಗ ವಾಚು ನೋಡುತ್ತ ಕೂರಬಾರದು ಎಂದು ಮಗ ಹತ್ತು ಸಲ ಹೇಳಿ ಹೋದ.

ಮಳೆಗಾಲ. ನಮ್ಮಲ್ಲಿ ಕರೆಂಟು ಹೋದರೆ ಬರುವುದು ಲೈನ್‌ಮನ್ ಬಂದಾಗ. ವಾಚಿನ ಚಾರ್ಜು ಒಂದೂವರೆ ದಿನ. ರಾತ್ರಿ ಕೈಯಲ್ಲಿರಬೇಕು, ಯಾಕೆಂದರೆ ಕೈ ಸುಮ್ಮನಿರುವುದು ಆಗಲೇ. ಬೆಳಿಗ್ಗೆ ನಾನು ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಇನ್ವರ್ಟರಿಗೆ ಹಾಕಿ ತೆಗೆಯುವ ಕೆಲಸ ನಮ್ಮನೆಯವರದು. ಅಡಿಕೆ ಲೆಕ್ಕದ ಹಳೆಯ ಪುಸ್ತಕದ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಬಡಿತ, ಹೇಗನ್ನಿಸಿತು ಎಂದು ನಾಲ್ಕು ಕಾಲಮ್ಮು ಹಾಕಿದೆ. ಆ ನಾಲ್ಕನೇ ಕಾಲಮ್ಮೇ ಮುಂದೆ ನನಗೆ ಪಾಠ ಕಲಿಸಿತು.

ಹನ್ನೊಂದನೇ ದಿನದ ರಾತ್ರಿ. ಎರಡು ಗಂಟೆ ಇರಬಹುದು. ಎದೆಯಲ್ಲಿ ಏನೋ ಒಮ್ಮೆ ತಪ್ಪಿ, ಆಮೇಲೆ ಧಡ್ ಎಂದು ಗುದ್ದಿತು. ಮತ್ತೆ ತಪ್ಪಿತು, ಮತ್ತೆ ಗುದ್ದಿತು. ಐಸಿಯುನ ಆ ಕೂಗು ಕಿವಿಯಲ್ಲಿ ಎದ್ದಿತು. ನನಗೂ ಬಂತು, ಸಂಶಯವೇ ಇಲ್ಲ ಅನ್ನಿಸಿತು. ನಮ್ಮನೆಯವರು ಎದ್ದು ದೀಪ ಹಾಕಿ, "ಎಂತ ಆತೇ?" ಅಂದರು. ನಡುಗುವ ಕೈಯಲ್ಲಿ ತೆಗೆದ ಮೊದಲ ಗೆರೆ ಬರೀ ಗೊಂದಲ. ಎರಡನೆಯದಕ್ಕೆ ಅವರು ನನ್ನ ಮೊಣಕೈಯನ್ನು ದಿಂಬಿನ ಮೇಲೆ ಇಟ್ಟು ಹಿಡಿದುಕೊಂಡರು. ವಾಚು ಹೇಳಿತು: ಲಯ ಸರಿಯಿದೆ, ಬಡಿತ 88. ಗೆರೆಯಲ್ಲಿ ಎರಡು ಕಡೆ ಮಾತ್ರ ಒಂದು ಬಡಿತ ಅವಸರದಲ್ಲಿ ಬಂದು, ನಂತರ ಸ್ವಲ್ಪ ಖಾಲಿ ಜಾಗ. ಮರುದಿನ ಡಾಕ್ಟರು ನೋಡಿ ವಿವರಿಸಿದರು: ಅದು ಹೆಚ್ಚುವರಿ ಬಡಿತ, ಬಹಳ ಜನರಿಗೆ ಇರುತ್ತದೆ. ಅವಸರದ ಬಡಿತದ ನಂತರ ಹೃದಯ ಒಂದು ಗಳಿಗೆ ನಿಲ್ಲುತ್ತದೆ, ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುತ್ತದೆ, ಮುಂದಿನ ಬಡಿತ ಜೋರಾಗಿ ಬೀಳುತ್ತದೆ. ನಿಮಗೆ ಗುದ್ದಿದ ಹಾಗಾಗುವುದು ಆ ಜೋರು ಬಡಿತ. ಹೆದರಬೇಕಾಗಿಲ್ಲ.

ಹತ್ತೊಂಬತ್ತನೇ ದಿನ ಮಧ್ಯಾಹ್ನ. ಆಪರೇಷನ್ ಆದ ಮೇಲೆ ಮೊದಲ ಬಾರಿ ಊಟ ರುಚಿಸಿದ್ದು ಅವತ್ತು. ಅಪ್ಪೆಹುಳಿ ಕೇಳಿ ಹಾಕಿಸಿಕೊಂಡೆ. ಜಗಲಿಯ ಆರಾಮ ಕುರ್ಚಿಯಲ್ಲಿ ಕೂತು ಹೆಂಚಿನಿಂದ ಬೀಳುವ ನೀರು ನೋಡುತ್ತಿದ್ದೆ. ಪುಸ್ತಕದಲ್ಲಿ ಅವತ್ತು ನಾನೇ ಬರೆದದ್ದು: "ಬಹಳ ಹಗುರ ಅನ್ನಿಸುತ್ತಿದೆ." ಎರಡೂಕಾಲಿಗೆ ಮಣಿಕಟ್ಟಿನಲ್ಲಿ ವಾಚು ನಡುಗಿತು. ಲಯ ಅನಿಯಮಿತವಾಗಿದೆ, ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು ಅನ್ನುವ ಸೂಚನೆ.

ತಪ್ಪಿರಬೇಕು ಅಂದುಕೊಂಡೆ. ಎದೆಯಲ್ಲಿ ಗುದ್ದು ಇಲ್ಲ, ಉಸಿರು ಕಟ್ಟಿಲ್ಲ, ತಲೆ ತಿರುಗಿಲ್ಲ. ಬೆರಳಿಟ್ಟು ಮೂವತ್ತು ಸೆಕೆಂಡು ಕೂತೆ. ಎಎಫ್, 118. ಇನ್ನೊಮ್ಮೆ ತೆಗೆದೆ. ಅದೇ. ಫೋನಿನಲ್ಲಿ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಎತ್ತರದ ಶಿಖರಕ್ಕೂ ಮುಂಚೆ ಇರಬೇಕಾದ ಸಣ್ಣ ದಿಬ್ಬ, ಹೃತ್ಕರ್ಣ ಕುಗ್ಗಿದ್ದರ ಗುರುತು, ಎಲ್ಲೂ ಇಲ್ಲ. ಆ ಜಾಗದಲ್ಲಿ ಗಾಳಿಗೆ ಕೆರೆಯ ನೀರು ಅಲುಗಿದ ಹಾಗೆ ಸಣ್ಣ ನಡುಕ. ಶಿಖರಗಳು ಒಂದು ಹತ್ತಿರ, ಒಂದು ದೂರ.

ನಮ್ಮನೆಯವರು ನನ್ನ ಬಲಗೈ ಹಿಡಿದು ಗೋಡೆ ಗಡಿಯಾರ ನೋಡಿ ಒಂದು ಪೂರ್ತಿ ನಿಮಿಷ ಎಣಿಸಿದರು. ಅವರ ಲೆಕ್ಕ 92. ವಾಚಿನ ಗೆರೆಯಲ್ಲಿ 118. ಒಬ್ಬರದು ತಪ್ಪು ಅಂತ ಆಗ ನಮಗೆ ಅನ್ನಿಸಿತು, ಆದರೆ ಎರಡೂ ಸರಿಯೇ. ಎಎಫ್‌ನಲ್ಲಿ ಕೆಲವು ಬಡಿತಗಳು ಎಷ್ಟು ಬೇಗ ಬೀಳುತ್ತವೆ ಅಂದರೆ ಹೃತ್ಕುಕ್ಷಿಯಲ್ಲಿ ರಕ್ತವೇ ತುಂಬಿರುವುದಿಲ್ಲ. ಹೃದಯ ಬಡಿಯುತ್ತದೆ, ಮಣಿಕಟ್ಟಿಗೆ ಏನೂ ತಲುಪುವುದಿಲ್ಲ.

ಇನ್ನು ಇದನ್ನು ಮಂಗಳೂರಿಗೆ ಮುಟ್ಟಿಸಬೇಕು. ಹಿಂದಿನ ರಾತ್ರಿಯಿಂದ ಕರೆಂಟಿಲ್ಲ, ವೈಫೈ ಸತ್ತಿದೆ, ಟವರಿನದೂ ಅದೇ ಕಥೆ. ನಮ್ಮೂರಲ್ಲಿ ಅಂಥ ಹೊತ್ತಿಗೆ ಫೋನು ಹತ್ತುವುದು ಮನೆಯ ಮೇಲಿನ ಬ್ಯಾಣದ, ಅಂದರೆ ಹುಲ್ಲುಗುಡ್ಡದ, ತುದಿಯಲ್ಲಿ, ಒಂದು ನೇರಳೆ ಮರದ ಬುಡದಲ್ಲಿ ಮಾತ್ರ. ನಾನು ಹತ್ತುವ ಹಾಗಿಲ್ಲ. ಎಪ್ಪತ್ತು ದಾಟಿದ ನಮ್ಮನೆಯವರು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಕೊಡೆ ಹಿಡಿದು, ಕಾಲಿಗೆ ಹತ್ತುವ ಉಂಬಳ (ಜಿಗಣೆ) ಕೊಡವಿಕೊಳ್ಳುತ್ತ ಹತ್ತಿದರು. ಜಗಲಿಯಲ್ಲಿ ಕೂತ ನನಗೆ ಅವರ ಕೊಡೆ ಮಳೆಯಲ್ಲಿ ಮಸುಕಾಗುತ್ತ ಹೋಗುವುದು ಕಂಡಿತು. ಎದೆಯಲ್ಲಿ ಆಗಲೂ ಏನೂ ಅನ್ನಿಸಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು.

ಇಪ್ಪತ್ತು ನಿಮಿಷಕ್ಕೆ ಅಲ್ಲಿಂದ ಕರೆ ಬಂತಂತೆ. ಮರದ ಬುಡದಲ್ಲೇ ನಿಂತು ಕೇಳಿಸಿಕೊಂಡು ಬಂದು ಹೇಳಿದರು: ಇವತ್ತೇ ಶಿರಸಿಗೆ ಹೋಗಿ ಪೂರ್ಣ ಇಸಿಜಿ ಮಾಡಿಸಬೇಕು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಎದೆನೋವು, ತಲೆ ಸುತ್ತಿ ಬೀಳುವುದು, ಯಾವುದಾದರೂ ಕಂಡರೆ ಕಾಯದೆ 108ಕ್ಕೆ ಫೋನು ಮಾಡಬೇಕು.

ಪಕ್ಕದ ಮನೆಯ ಭಾವ ಓಮ್ನಿ ತೆಗೆದ. 22 ಕಿಲೋಮೀಟರಿಗೆ ಒಂದು ಗಂಟೆ. ರಸ್ತೆಯ ಗುಂಡಿಗಳಲ್ಲಿ ಓಮ್ನಿ ಹಾರಿದಾಗಲೆಲ್ಲ ದಿಂಬನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದೆ. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ನಮ್ಮ ಜಿಲ್ಲೆಯವರಿಗೆ ರೋಗಕ್ಕಿಂತ ರಸ್ತೆಯ ಭಯ ಹೆಚ್ಚು. ಶಿರೂರು ಹೆಸರಿನ ಎರಡು ಊರುಗಳನ್ನು ನಾವು ಮರೆಯುವುದು ಸಾಧ್ಯವಿಲ್ಲ. 2022ರಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರಿನ ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಇಳಿಯಿತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ನಮ್ಮ ಹುಡುಗರು ಕೂಗಿ ಕೂಗಿ ಸುಸ್ತಾಗಿದ್ದಾರೆ. ಹೃದಯದ ಆಪರೇಷನ್ನಿಗೆ ಇವತ್ತಿಗೂ ನಾವು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಎಂದು ಹೊರಡಲೇಬೇಕು.

ಶಿರಸಿ ಮುಟ್ಟುವಾಗ ಐದು ದಾಟಿತ್ತು. ಎದೆಗೆ, ಕೈಕಾಲಿಗೆ ಹಚ್ಚಿ ಇಸಿಜಿ ತೆಗೆದರು. ಪೂರ್ತಿ ಸರಿಯಿತ್ತು! ಬಡಿತ 79, ದಿಬ್ಬಗಳು ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಅಲ್ಲಿದ್ದ ಡಾಕ್ಟರು ಕಾಗದ ನೋಡಿ, "ನಾರ್ಮಲ್ ಇದೆ. ವಾಚು ಗೀಚು ನೋಡಿ ತಲೆ ಕೆಡಿಸ್ಕೊಳ್ಬೇಡಿ, ಟೆನ್ಷನ್ನಿಗೇ ಹೀಗೆಲ್ಲ ಆಗೋದು" ಅಂದರು. ಫೋನಿನಲ್ಲಿದ್ದ ಗೆರೆ ತೋರಿಸಲು ಹೋದೆ. ನೋಡಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು, ಅದು ನನಗೂ ಕಾಣುತ್ತಿತ್ತು. ಆದರೂ ಆ ಕ್ಷಣ ನನಗೆ ಆದ ನೋವು ಈಗಲೂ ಇದೆ. ಮಳೆಯಲ್ಲಿ ಬ್ಯಾಣ ಹತ್ತಿದ ಮುದುಕರ ಕಷ್ಟವನ್ನು ಒಂದೇ ಮಾತಿನಲ್ಲಿ ಒರೆಸಿ ಹಾಕಿದ ಹಾಗಾಯಿತು.

ಇಸಿಜಿ ತೆಗೆದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಹೊರಗೆ ಬಂದು, "ಅಕ್ಕೋರೆ, ಇದನ್ನೂ ಅದನ್ನೂ ಒಟ್ಟಿಗೇ ಕಳಿಸಿ" ಎಂದು ತಾನೇ ಫೋಟೋ ತೆಗೆದು ಮಂಗಳೂರಿಗೆ ಕಳಿಸಿದ. ವಾಟ್ಸಾಪಿನಲ್ಲಿ ಇಸಿಜಿ ಕಳಿಸಿ ತಜ್ಞರನ್ನು ಕೇಳುವುದು ನಮ್ಮ ಕಡೆಗೆ ಹೊಸದಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ, ವಾಟ್ಸಾಪ್ ಗುಂಪುಗಳ ಮೂಲಕ ಸಲಹೆ ಸಿಗುವ ಹಾಗೆ ಮಾಡಿದ ಕೆಲಸ ಎಷ್ಟೋ ಜೀವ ಉಳಿಸಿದೆ. ಆ ದಾರಿ ತೆರೆದವರಿಗೆ ನಾನು ಕೈ ಮುಗಿಯುತ್ತೇನೆ.

ಆವತ್ತು ರಾತ್ರಿ ನಮ್ಮ ಆಸ್ಪತ್ರೆಯ ಹೃದ್ರೋಗ ತಜ್ಞೆ ಫೋನಿನಲ್ಲಿ ಹೇಳಿದ ಮಾತನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ. "ಅಮ್ಮ, ಪೂರ್ಣ ಇಸಿಜಿ ಅಂದರೂ ಅದು ಹತ್ತು ಸೆಕೆಂಡಿನ ಚಿತ್ರ. ಐದು ಗಂಟೆಗೆ ಸರಿ ಇತ್ತು ಅಂತ ಹೇಳುತ್ತದೆ. ಎರಡೂವರೆಗೆ ಏನಾಗಿತ್ತು ಅಂತ ಅದಕ್ಕೆ ಗೊತ್ತಿಲ್ಲ." ಹಸಿರು ದೀಪ ಕೊಟ್ಟ ಸೂಚನೆಯೊಂದೇ ಆಗಿದ್ದರೆ ಅವರು ರೋಗ ಅಂತ ಹೇಳುತ್ತಿರಲಿಲ್ಲ. ಮೂವತ್ತು ಸೆಕೆಂಡಿನ ಇಸಿಜಿ ಗೆರೆಯನ್ನು ವೈದ್ಯರು ಕಣ್ಣಾರೆ ನೋಡಿ ಎಎಫ್ ಅಂದರೆ ಅದು ಎಎಫ್. ವಾಚಿನ ಮಾತಲ್ಲ ಮುಖ್ಯ, ಗೆರೆ ಮುಖ್ಯ. ಇದು ಎಷ್ಟು ಹೊತ್ತು ಇರುತ್ತದೆ, ಎಷ್ಟು ಸಲ ಬರುತ್ತದೆ ಎಂದು ತಿಳಿಯಲು ಏಳು ದಿನ ಎದೆಗೆ ಪ್ಯಾಚ್, ಅಂದರೆ ಬಡಿತವನ್ನು ಬಿಡದೆ ದಾಖಲಿಸುವ ಪಟ್ಟಿ, ಅಂಟಿಸೋಣ ಎಂದರು.

ಮನೆಗೆ ಬಂದು ಆ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟೆ. ಹುಡುಗ ವಾಚಿನ ಗೆರೆಯನ್ನೂ ಪ್ರಿಂಟ್ ಮಾಡಿ ಕೊಟ್ಟಿದ್ದ. ಇಸಿಜಿ ಕಾಗದದಲ್ಲಿ ಸೆಕೆಂಡಿಗೆ 25 ಮಿಲಿಮೀಟರ್, ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು. ಹಳೆಯ ಮದುವೆ ಕರೆಯೋಲೆಯ ಅಂಚನ್ನು ಗೆರೆಯ ಮೇಲಿಟ್ಟು ಮೂರು ಶಿಖರಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಮುಂದಕ್ಕೆ ಸರಿಸಿದೆ. ಶಿರಸಿಯ ಇಸಿಜಿಯಲ್ಲಿ ಎಲ್ಲಿ ಸರಿಸಿದರೂ ಗುರುತು ಶಿಖರಕ್ಕೇ ಕೂರುತ್ತಿತ್ತು. ವಾಚಿನ ಗೆರೆಯಲ್ಲಿ ಒಂದು ಕಡೆಯೂ ಕೂರಲಿಲ್ಲ. ಮಕ್ಕಳಿಗೆ ಇದನ್ನು ಮಾಡಿಸಬೇಕಿತ್ತು, ಎಷ್ಟು ಚೆಂದದ ಪ್ರಯೋಗ ಅನ್ನಿಸಿತು.

ಪ್ಯಾಚು ಬಂದ ದಾರಿಯೂ ಉದ್ದ. ಮಂಗಳೂರಿನಲ್ಲಿ ಓದುವ ಅಣ್ಣನ ಮಗ ರೈಲಿನಲ್ಲಿ ಕುಮಟಾಕ್ಕೆ ತಂದ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿಸಿ ತಂದುಕೊಟ್ಟ. ಅಂಟಿಸಿದವನು ಅದೇ ನನ್ನ ವಿದ್ಯಾರ್ಥಿ. ಎದೆಯ ಎಡಬದಿ, ಹೊಲಿಗೆಯ ಗಾಯಕ್ಕೆ ತಾಗದ ಹಾಗೆ, ಚರ್ಮ ಒರೆಸಿ ಒಣಗಿಸಿ. ಅಂಗೈ ಅಗಲವೂ ಇಲ್ಲ, ತೂಕ ಗೊತ್ತೇ ಆಗುವುದಿಲ್ಲ. ಅಮೆರಿಕದ ಹೋಲ್ಟರ್ ಎಂಬ ವಿಜ್ಞಾನಿ 1940ರ ದಶಕದ ಕೊನೆಯಲ್ಲಿ ನಡೆದಾಡುವ ಮನುಷ್ಯನ ಇಸಿಜಿ ತೆಗೆಯಲು ಮಾಡಿದ ಮೊದಲ ಯಂತ್ರ ಸುಮಾರು 38 ಕಿಲೋ ಇತ್ತಂತೆ, ಬೆನ್ನಿಗೆ ಹೊರಬೇಕಿತ್ತು. ಪ್ಯಾಚಿನ ನಡುವೆ ಒಂದು ಗುಂಡಿ. ಎದೆಯಲ್ಲಿ ಏನಾದರೂ ಅನ್ನಿಸಿದಾಗ ಒತ್ತಬೇಕು, ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕು. ಏಳು ದಿನವೂ ತಲೆಬಾಗಿಲು ಕಾಯುವವಳ ಹಾಗೆ ಕಾದೆ. ಗುದ್ದಿದರೆ ಒತ್ತಿದೆ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಒತ್ತಿದೆ. ಸಿಡಿಲಿಗೆ ಬೆಚ್ಚಿಬಿದ್ದು ಒಮ್ಮೆ ಒತ್ತಿದೆ. ಒಟ್ಟು ಹನ್ನೊಂದು ಸಲ.

ವರದಿ ನೋಡಲು ನಾವೇ ಮಂಗಳೂರಿಗೆ ಹೋದೆವು. ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಏಳು ದಿನಗಳಲ್ಲಿ ಮೂರು ಸಲ ಎಎಫ್. ಒಟ್ಟು ಸುಮಾರು ಒಂಬತ್ತು ಗಂಟೆ. ಅತಿ ಉದ್ದದ್ದು ರಾತ್ರಿ 1.10ರಿಂದ ಬೆಳಗಿನ ಆರೂವರೆಯವರೆಗೆ. ಆ ರಾತ್ರಿಯ ಎದುರು ನನ್ನ ಪುಸ್ತಕದಲ್ಲಿ "ಒಳ್ಳೇ ನಿದ್ದೆ" ಎಂದಿತ್ತು. ಹನ್ನೊಂದು ಸಲ ಗುಂಡಿ ಒತ್ತಿದ ಹೊತ್ತುಗಳಲ್ಲಿ ಒಂಬತ್ತು ಸಲ ಲಯ ಸರಿಯಿತ್ತು, ಎರಡು ಸಲ ಆ ಹೆಚ್ಚುವರಿ ಬಡಿತ. ಎಎಫ್ ಇದ್ದ ಮೂರು ಹೊತ್ತಿನಲ್ಲಿ ಒಂದಕ್ಕೂ ನಾನು ಗುಂಡಿ ಒತ್ತಿರಲಿಲ್ಲ.

ನಾನು ಸುಮ್ಮನೆ ಕೂತೆ. ನನ್ನ ದೇಹ ನನಗೆ ಗೊತ್ತು, ಏನಾದರೂ ಆದರೆ ತಿಳಿಯದೇ ಇರುತ್ತದೆಯೇ ಎಂದು ಅರವತ್ತನಾಲ್ಕು ವರ್ಷ ನಂಬಿಕೊಂಡು ಬಂದವಳು ನಾನು. ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ. "ಎಂತೂ ಆಜಿಲ್ಲೆ", ಏನೂ ಆಗಿಲ್ಲ, ಅನ್ನುವುದನ್ನು ಎಷ್ಟು ಕಾಯಿಲೆಗಳ ಮೇಲೆ ಹೊದಿಸಿಲ್ಲ!

ಇದು ನನ್ನೊಬ್ಬಳ ಕಥೆಯಲ್ಲ ಎಂದು ಡಾಕ್ಟರಮ್ಮ ಒಂದು ಅಧ್ಯಯನದ ವಿಷಯ ಹೇಳಿದರು. ಮುಖ್ಯವಾಗಿ ಕೆನಡಾದಲ್ಲಿ ನಡೆದದ್ದು, 2021ರಲ್ಲಿ ಪ್ರಕಟವಾಯಿತು. ಹೃದಯದ ಆಪರೇಷನ್ ಆಗಿ, ಪಾರ್ಶ್ವವಾಯುವಿನ ಅಪಾಯವಿದ್ದು, ಹಿಂದೆ ಎಎಫ್ ಇದ್ದ ದಾಖಲೆ ಇಲ್ಲದೆ ಮನೆಗೆ ಹೊರಟ 336 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂವತ್ತು ದಿನ ಪ್ಯಾಚ್, ಇನ್ನೊಂದಕ್ಕೆ ಎಂದಿನ ತಪಾಸಣೆ. ಒಟ್ಟು ಆರು ನಿಮಿಷ ಅಥವಾ ಹೆಚ್ಚು ಎಎಫ್ ಅಥವಾ ಅದರ ಸೋದರ ರೋಗ ಸಿಕ್ಕಿದ್ದು ಪ್ಯಾಚ್ ಇದ್ದವರಲ್ಲಿ ಶೇ. 19.6 ಜನರಲ್ಲಿ. ಎಂದಿನ ತಪಾಸಣೆಯವರಲ್ಲಿ ಶೇ. 1.7. ಎರಡೂ ಗುಂಪಿನವರು ಒಂದೇ ತೆರನಾದ ರೋಗಿಗಳು. ಅಂದರೆ ಎರಡನೇ ಗುಂಪಿನಲ್ಲೂ ಎಎಫ್ ಅಷ್ಟೇ ಇದ್ದಿರಬೇಕು, ನೋಡಿದವರಿಲ್ಲ ಅಷ್ಟೇ. ಹೀಗೆ ಹುಡುಕಿ ಮಾತ್ರೆ ಕೊಡುವುದರಿಂದ ಎಷ್ಟು ಪಾರ್ಶ್ವವಾಯು ತಪ್ಪುತ್ತದೆ ಎಂದು ತೋರಿಸುವಷ್ಟು ದೊಡ್ಡ ಅಧ್ಯಯನ ಅದಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಹೇಳಿದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಆಮೇಲೆ ನನಗಿರುವ ಪಾರ್ಶ್ವವಾಯುವಿನ ಅಪಾಯದ ಅಂಕಗಳನ್ನು ಬೆರಳು ಮಡಚಿ ಲೆಕ್ಕ ಹಾಕಿದರು. ಸಕ್ಕರೆ ಕಾಯಿಲೆಗೆ ಒಂದು, ಬಿಪಿಗೆ ಒಂದು, ರಕ್ತನಾಳದ ಕಾಯಿಲೆಗೆ ಒಂದು, ಹೆಂಗಸು ಎಂಬುದಕ್ಕೆ ಒಂದು, ಮುಂದಿನ ವರ್ಷ 65 ತುಂಬಿದರೆ ಇನ್ನೊಂದು. ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕೇ ಬೇಕು ಎಂದರು. ದಿನಕ್ಕೆ ಎರಡು, ಬೆಳಿಗ್ಗೆ ಸಂಜೆ, ತಪ್ಪಿಸುವ ಹಾಗಿಲ್ಲ. ಮೊದಲು ಎರಡು ತಿಂಗಳು, ಆಮೇಲೆ ಮತ್ತೆ ಕೂತು ಯೋಚಿಸೋಣ. ಬಡಿತ ಇಳಿಸುವ ಮಾತ್ರೆಯ ಪ್ರಮಾಣವನ್ನೂ ಏರಿಸಿದರು.

ಮಾತ್ರೆ ಶುರುವಾದದ್ದೇ ಊರವರ ಸಲಹೆಗಳೂ ಶುರುವಾದವು. ಸೊಪ್ಪು ತಿನ್ನಲೇಬಾರದು ಎಂದರು. ಅದು ವಾರ್ಫರಿನ್ ಎಂಬ ಹಳೆಯ ಮಾತ್ರೆಯ ವಿಷಯ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ಕೆಲಸಕ್ಕೆ ಅಡ್ಡ ಬರುತ್ತದೆ, ಅಲ್ಲೂ ಬಿಡಬೇಕೆಂದಿಲ್ಲ, ದಿನವೂ ಒಂದೇ ಅಳತೆಯಲ್ಲಿರಬೇಕು. ನನ್ನದು ಬೇರೆ ಮಾತ್ರೆ. ಕೇಳಿ ತಿಳಿದುಕೊಂಡೇ ಒಂದೆಲಗದ ತಂಬುಳಿ ಉಂಡೆ. ಯಾವ ಮಾತ್ರೆ ಎಂದು ತಿಳಿಯದೆ ಪಥ್ಯ ಹೇಳುವವರ ಮಾತು ಕೇಳಬೇಡಿ, ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಉಂಬಳ ಮಾತ್ರ ನಿಜವಾದ ತೊಂದರೆ ಕೊಟ್ಟಿತು. ಹಿತ್ತಲಿಗೆ ಬಸಳೆ ಕೊಯ್ಯಲು ಹೋದಾಗ ಹಿಮ್ಮಡಿಗೆ ಕಚ್ಚಿದ್ದು ಗೊತ್ತೇ ಆಗಲಿಲ್ಲ. ಅದರ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ, ಮೇಲಿಂದ ನನ್ನ ಮಾತ್ರೆ. ಅರ್ಧ ಗಂಟೆಗೂ ಹೆಚ್ಚು ಬಟ್ಟೆ ಒತ್ತಿ ಹಿಡಿದ ಮೇಲೆ ನಿಂತಿತು. ಅವತ್ತಿನಿಂದ ಹಿತ್ತಲಿಗೆ ಹೋಗುವುದು ಗಮ್‌ಬೂಟು ಹಾಕಿಕೊಂಡೇ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಈ ವರ್ಷ ಕೂರುವುದಿಲ್ಲ.

ವಾಚಿನಿಂದ ಕೆಡುಕೂ ಆಗಿದೆ. ಆಗಸ್ಟಿನಲ್ಲಿ ಒಂದು ದಿನ ನಾನು ಹದಿನಾಲ್ಕು ಸಲ ಗೆರೆ ತೆಗೆದೆ. ಊಟದ ನಡುವೆ ಎದ್ದು ತೆಗೆದೆ. ಒಂದು ಸಲ "ನಿರ್ಧರಿಸಲಾಗಲಿಲ್ಲ" ಎಂದು ಬಂದದ್ದಕ್ಕೆ ರಾತ್ರಿ ಪೂರ್ತಿ ನಿದ್ದೆ ಬಿಟ್ಟೆ. ಪುಸ್ತಕ ನೋಡಿದ ಡಾಕ್ಟರಮ್ಮ, ಬೆಳಿಗ್ಗೆ ಒಂದು, ಮಲಗುವ ಮುಂಚೆ ಒಂದು, ವಾಚು ತಾನಾಗಿ ಕರೆದರೆ ಒಂದು, ಅಷ್ಟೇ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಕನ್ನಡಿಗೆ ಅಂಟಿಸಿದ್ದೇನೆ. ಹೆದರುವ ಸ್ವಭಾವದವರಿಗೆ ವಾಚು ಕಟ್ಟುವಾಗ ಇಂಥ ಚೀಟಿಯನ್ನೂ ಜೊತೆಗೇ ಕೊಡಬೇಕು.

ಮುಂದಿನ ತಿಂಗಳಲ್ಲಿ ವಾಚು ಎರಡು ಸಲ ಕರೆಯಿತು, ಎರಡೂ ಸಲ ಗೆರೆಯಲ್ಲಿ ಎಎಫ್ ಇತ್ತು, ಎರಡೂ ಒಂದು ಗಂಟೆಯೊಳಗೆ ನಿಂತವು. ಆಮೇಲೆ ಕರೆದಿಲ್ಲ. ಎರಡು ತಿಂಗಳು ಮುಗಿದಾಗ ಮಾತ್ರೆ ನಿಲ್ಲಿಸುವ ಮಾತು ಬಂತು. ವಾಚು ಕರೆಯದಿದ್ದರೆ ಇಲ್ಲ ಅಂತ ಅರ್ಥವೇ ಎಂದು ಕೇಳಿದೆ. ಅಲ್ಲ ಎಂದರು. ಅದಕ್ಕೇ ಇನ್ನೊಂದು ಪ್ಯಾಚ್, ಈ ಸಲ ಹದಿನಾಲ್ಕು ದಿನ. ಅಲ್ಲಿಯವರೆಗೆ ಮಾತ್ರೆ ಮುಂದುವರಿಯಲಿ ಎಂದು ತೀರ್ಮಾನವಾಯಿತು.

ನಾಳೆ ಬೆಳಿಗ್ಗೆ ಶಿರಸಿಗೆ ಹೋಗಿ ಅದನ್ನು ತೆಗೆಸಬೇಕು. ಅಂಚು ಸ್ವಲ್ಪ ಎದ್ದಿದೆ, ಸುತ್ತ ತುರಿಕೆ. ವಾಚು ಈಗ ಇನ್ವರ್ಟರಿನ ಪಕ್ಕ ಚಾರ್ಜಿಗಿದೆ. ನಮ್ಮನೆಯವರು ಗೋಡೆ ಗಡಿಯಾರ ನೋಡುತ್ತ ನನ್ನ ಮಣಿಕಟ್ಟು ಹಿಡಿದು ಕೂತಿದ್ದಾರೆ, ಬಾಯಲ್ಲೇ ಎಣಿಸುತ್ತಿದ್ದಾರೆ. ಹದಿನಾಲ್ಕು ದಿನಗಳಲ್ಲಿ ಗುಂಡಿಯನ್ನು ಮೂರು ಸಲ ಒತ್ತಿದ್ದೇನೆ. ಆ ಮೂರು ಹೊತ್ತುಗಳು ಪುಸ್ತಕದಲ್ಲಿವೆ.